ಕನಕರಾಜ ಮೇಷ್ಟ್ರ ‘ಟ್ರೈ’

ಇಂಗ್ಲಿಷರು ಈ ದೇಶ ಬಿಟ್ಟು ಹೋಗುವಾಗ ರೈಲು ಬಿಟ್ಟರು, ಅಂಚೆ ಬಿಟ್ಟರು, ನಂದಿ ಬೆಟ್ಟದ ಮೇಲೆ ಒಂದೆರಡು ಬಂಗಲೆ ಬಿಟ್ಟರು ಎಂದು ಬಲ್ಲವರು ಹೇಳುತ್ತಾರೆ. ಆದರೆ ಅವರು ಬಿಟ್ಟು ಹೋದದ್ದರಲ್ಲೆಲ್ಲ ಬೆಲೆಬಾಳುವ ವಸ್ತು ಯಾವುದೆಂದರೆ ‘ಟ್ರೈ’ ಎಂಬ ಕ್ರಿಯಾಪದ ಎಂಬುದು ಚಿಕ್ಕಬಳ್ಳಾಪುರದ ಕನಕರಾಜ ಮೇಷ್ಟ್ರ ಖಚಿತ ಅಭಿಪ್ರಾಯ. ರೈಲು ತಡವಾಗುತ್ತದೆ, ಅಂಚೆ ಕಳೆದುಹೋಗುತ್ತದೆ, ಬಂಗಲೆ ಸೋರುತ್ತದೆ. ಟ್ರೈ ಮಾತ್ರ ಇದುವರೆಗೆ ಯಾರನ್ನೂ ಕೈಬಿಟ್ಟಿಲ್ಲ.

ಮೇಷ್ಟ್ರು ಅಲ್ಲಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾರೆ. ತರಗತಿಯೊಳಗೆ ಟ್ರೈ ಎಂದರೆ ಪ್ರಯತ್ನ ಮಾಡು, ಬೆವರು ಸುರಿಸು, ಬಿದ್ದರೂ ಏಳು. ಅದರ ಭೂತ, ವರ್ತಮಾನ, ಭವಿಷ್ಯತ್ ರೂಪಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಕೂಗಿಸುತ್ತಾರೆ. ಶಾಲೆಯ ಗೇಟು ದಾಟಿದರೆ ಅದೇ ಪದಕ್ಕೆ ಬೇರೆ ಅವತಾರ. ‘ಮೇಷ್ಟ್ರೇ, ನಮ್ ಹುಡುಗಂಗೆ ಸಾಯಂಕಾಲ ಸ್ವಲ್ಪ ಪಾಠ ಹೇಳ್ಕೊಡ್ತೀರಾ?’ ಟ್ರೈ ಮಾಡ್ತೀನಿ. ‘ಮೇಷ್ಟ್ರೇ, ಗಣೇಶನ ಕಮಿಟಿಗೆ ನೀವೇ ಅಧ್ಯಕ್ಷರಾಗಬೇಕು.’ ಟ್ರೈ ಮಾಡ್ತೀನಿ. ಕೇಳಿದವರು ಸಂತೋಷವಾಗಿ ಹೋಗುತ್ತಾರೆ, ಮೇಷ್ಟ್ರು ಸಂತೋಷವಾಗಿ ಮನೆಗೆ ಬಂದು ಕಾಲು ಚಾಚುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

‘ಆಗಲ್ಲ’ ಎಂಬ ಮಾತನ್ನು ಅವರು ಬದುಕಿನಲ್ಲಿ ಒಮ್ಮೆಯೂ ಬಾಯಿಂದ ಹೊರಡಿಸಿದವರಲ್ಲ. ಎದುರಿಗಿದ್ದವರ ಮುಖ ಬಾಡುವುದನ್ನು ಅವರಿಂದ ನೋಡಲಾಗುವುದಿಲ್ಲ. (ಹಾಗೆಂದು ಎದುರಿಗಿದ್ದವರ ಕೆಲಸ ಮಾಡಿಕೊಡಲೂ ಆಗುವುದಿಲ್ಲ.) ಹಿಂದಿನವರು ಇಂಥ ಸಂದರ್ಭಕ್ಕೆಂದು ‘ನೋಡಣ’ ಅನ್ನುತ್ತಿದ್ದರು. ಆದರೆ ನೋಡಣ ಅಂದವನನ್ನು ಮಾರನೆಯ ದಿನ ಹಿಡಿದು ‘ಏನು ನೋಡ್ದೆ?’ ಎಂದು ಕೇಳುವ ಹಟಮಾರಿಗಳು ಇದ್ದಾರೆ. ಟ್ರೈ ಮಾಡಿದವನನ್ನು ಯಾರೂ ಹಾಗೆ ಕೇಳುವುದಿಲ್ಲ. ಅಷ್ಟು ದೂರದಿಂದ ಹಡಗು ಹತ್ತಿ ಬಂದ ಪದ, ಅದಕ್ಕೊಂದು ಮರ್ಯಾದೆ ಬೇಡವೆ?

ಈ ಪದವನ್ನು ಮೇಷ್ಟ್ರು ಎಲ್ಲರಿಗಿಂತ ಹೆಚ್ಚಾಗಿ ಪ್ರಯೋಗಿಸಿದ್ದು ಅತ್ತೆ ರಾಮಲಕ್ಷ್ಮಮ್ಮನವರ ಮೇಲೆ. ಆಕೆ ಬರೀ ಹೆಣ್ಣು ಕೊಟ್ಟ ಅತ್ತೆಯಲ್ಲ, ಸ್ವಂತ ಸೋದರತ್ತೆಯೂ ಹೌದು; ಅಂದರೆ ಮೇಷ್ಟ್ರನ್ನು ಚಡ್ಡಿಯಿಲ್ಲದ ಕಾಲದಿಂದ ಬಲ್ಲವರು. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ಅವರೂ ಮಾವ ಆವಲಪ್ಪನವರೂ ರೇಷ್ಮೆ ಹುಳು ಸಾಕುತ್ತಾರೆ. ಹುಳು ಹಣ್ಣಾದ ದಿನ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾದ ದಿನ, ಅವನ್ನೆಲ್ಲ ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಲಕ್ಷಾಂತರ ಹುಳುಗಳು ‘ನಾನು ಮೊದಲು, ತಾನು ಮೊದಲು’ ಎಂದು ಒಟ್ಟಿಗೇ ಹಣ್ಣಾಗುವುದರಿಂದ ಮನೆಯವರ ಕೈ ಸಾಲದು. ಅದಕ್ಕೇ ಮುಯ್ಯಾಳು: ಇವತ್ತು ನೀವು ನಮ್ಮನೆಗೆ, ನಾಳೆ ನಾವು ನಿಮ್ಮನೆಗೆ, ಕೂಲಿಯ ಮಾತಿಲ್ಲ. ಪ್ರತಿ ಬೆಳೆಗೂ ಸಾದಲಿಯಿಂದ ಫೋನು ಬರುತ್ತಿತ್ತು. ‘ಕನಕಾ, ಹುಳ ಹಣ್ಣಾಗಿದೆ, ಬರ್ತೀಯೇನಪ್ಪಾ?’ ಮೇಷ್ಟ್ರು ಪ್ರತಿ ಬೆಳೆಗೂ ಟ್ರೈ ಮಾಡುತ್ತಿದ್ದರು. ಮದುವೆಯಾಗಿ ಎಂಟು ವರ್ಷವಾದರೂ ಹುಳುಗಳಿಗೆ ಮೇಷ್ಟ್ರ ದರ್ಶನಭಾಗ್ಯ ಲಭಿಸಿರಲಿಲ್ಲ.

ಹೀಗಿರುವಾಗ ಮೇಷ್ಟ್ರು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಪುಟ್ಟ ಮನೆ. ತಾರಸಿ ಹತ್ತಿದರೆ ನಂದಿ ಬೆಟ್ಟ ಕಾಣುತ್ತದೆ ಎಂದು ಅವರು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ಕಾರ್ತಿಕದ ಒಂದು ಭಾನುವಾರ ಗೃಹಪ್ರವೇಶವೆಂದು ಗೊತ್ತಾಯಿತು. ಬದುಕಿನಲ್ಲಿ ಅವರು ಸ್ವಂತ ಖರ್ಚಿನಲ್ಲಿ ಹಾಕುವ ಮೊದಲ ಊಟ. ಊಟ ಹೆಚ್ಚಾಗಿ ಚರಂಡಿ ಪಾಲಾಗಬಾರದು, ಕಡಿಮೆಯಾಗಿ ಬಂದವರು ಎಲೆಯ ಮುಂದೆ ಕಾಯಬಾರದು. ಎರಡರಲ್ಲಿ ಯಾವುದು ನಡೆದರೂ ಹೊಸ ಬಡಾವಣೆಯಲ್ಲಿ ತಲೆ ಎತ್ತಿಕೊಂಡು ಓಡಾಡುವುದಾದರೂ ಹೇಗೆ ಎಂಬುದೇ ಅವರ ಚಿಂತೆ.

ಮೇಷ್ಟ್ರೂ ಹೆಂಡತಿ ಶೈಲಜಾಳೂ ಕುಂಕುಮದ ಬಟ್ಟಲು ಹಿಡಿದು ಕರೆಯಲು ಹೊರಟರು. ಸಹೋದ್ಯೋಗಿಗಳನ್ನು ಕರೆದರೆ ಎಲ್ಲರೂ ನಗುನಗುತ್ತಾ ‘ಟ್ರೈ ಮಾಡ್ತೀವಿ ಸಾರ್’ ಎಂದರು. ಚಿಂತಾಮಣಿಯ ಹಳೆಯ ಗೆಳೆಯರೂ ಟ್ರೈ ಮಾಡುವವರೇ. ಗೌರಿಬಿದನೂರಿನ ಚಿಕ್ಕಪ್ಪನ ಮಗ ರಮೇಶ್‌ಬಾಬು ಕಾರ್ಡು ನೋಡಿ, ಗೋಡೆಯ ಕ್ಯಾಲೆಂಡರು ನೋಡಿ, ಹೆಂಡತಿಯ ಮುಖ ನೋಡಿ ‘ಟ್ರೈ ಮಾಡ್ತೀನಿ ಕಣೋ’ ಎಂದ. ಮೇಷ್ಟ್ರಿಗೆ ಒಂದು ಕಡೆ ಬೇಸರವಾದರೂ ಇನ್ನೊಂದು ಕಡೆ ಹೆಮ್ಮೆಯೇ ಆಯಿತು. ಪದ ಎಷ್ಟು ದೂರ ಹಬ್ಬಿದೆ ನೋಡಿ.

ಕೊನೆಗೆ ಸಾದಲಿ. ಹುಳುವಿನ ಮನೆಯ ಬಾಗಿಲಲ್ಲೇ ರಾಮಲಕ್ಷ್ಮಮ್ಮ ಸೊಪ್ಪಿನ ಕೈ ಒರೆಸಿಕೊಂಡು ಕುಂಕುಮ ಇಟ್ಟುಕೊಂಡರು. ದಿನ ಕೇಳಿದ ಕೂಡಲೇ ಅವರ ಮುಖ ಪೆಚ್ಚಾಯಿತು.

“ಭಾನುವಾರವಾ? ಅಯ್ಯೋ ರಾಮಾ, ಹುಳ ಅವತ್ತಿಗೇ ಹಣ್ಣಾಗೋ ಹಂಗಿದೆ ಕಣೋ ಕನಕಾ. ಹಣ್ಣಾದ ಹುಳಾನ ಬಿಟ್ಟು ಬರಕ್ಕಾಗ್ತದಾ?”

“ಹೌದಲ್ವಾ ಅತ್ತೆ,” ಎಂದರು ಮೇಷ್ಟ್ರು.

“ಸರ್ಲೇ, ಅದಕ್ಕೇನಂತೆ. ಟ್ರೈ ಮಾಡ್ತೀವಿ,” ಎಂದರು ರಾಮಲಕ್ಷ್ಮಮ್ಮ.

ಎಂಟು ವರ್ಷ ತಾವು ಕೊಟ್ಟದ್ದನ್ನೇ ಅತ್ತೆ ವಾಪಸು ಕೊಡುತ್ತಿದ್ದಾರೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಮುಯ್ಯಿಗೆ ಮುಯ್ಯಿ. ಬಸ್ಸಿನಲ್ಲಿ ಕೂತಾಗ ಶೈಲಜಾ ಮಾತ್ರ ಸೀರೆಯ ವಿಚಾರ ಮಾತಾಡುತ್ತಲೇ ಇದ್ದಳು, ತವರಿನವರು ಯಾವ ಬಣ್ಣದ್ದು ತರಬಹುದು ಎಂದು.

ಶನಿವಾರ ಬೆಳಿಗ್ಗೆ ಅಡುಗೆ ಬಯ್ಯಪ್ಪ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ಬಂದು, “ಎಷ್ಟು ಎಲೆ ಸಾರ್?” ಎಂದ.

“ನೂರೈವತ್ತು,” ಎಂದಳು ಶೈಲಜಾ.

“ಅರವತ್ತು,” ಎಂದರು ಮೇಷ್ಟ್ರು.

ಬಯ್ಯಪ್ಪ ಇಬ್ಬರ ಮುಖವನ್ನೂ ನೋಡಿ, “ನೀವು ಮಾತಾಡ್ಕೊಳಿ, ನಾನು ಬೀಡಿ ಸೇದಿ ಬರ್ತೀನಿ,” ಎಂದು ಅನುಭವಸ್ಥನ ಹಾಗೆ ಆಚೆ ಹೋದ.

“ಅಲ್ರೀ, ಕರೆದಿರೋದು ಅಷ್ಟು ಜನಾನ, ಅರವತ್ತು ಅಂತೀರಲ್ಲ?”

“ಕರೆದಿರೋರು ಬೇರೆ, ಬರೋರು ಬೇರೆ ಕಣೇ. ಎಲ್ರೂ ಏನಂದ್ರು? ಟ್ರೈ ಮಾಡ್ತೀವಿ ಅಂದ್ರು. ಅದರ ಅರ್ಥ ನಿಂಗೆ ಗೊತ್ತಿಲ್ಲ, ನಂಗೆ ಗೊತ್ತು. ಈ ಪದದ ಮೇಲೆ ನಾನು ಎಂಟು ವರ್ಷ ತಪಸ್ಸು ಮಾಡಿದೀನಿ.”

“ಅದು ನೀವು ಹೇಳೋ ಟ್ರೈ. ನಿಮ್ಮ ಟ್ರೈ ಮಾಡ್ತೀನಿ ಕೇಳಿ ಕೇಳಿ ನನ್ನ ಅಡುಗೆಮನೆ ಮಿಕ್ಸಿ ಎರಡು ವರ್ಷದಿಂದ ರಿಪೇರಿಗೆ ಕಾಯ್ತಾ ಕೂತಿದೆ.”

“ಮಿಕ್ಸಿ ವಿಷಯ ಬೇರೆ.”

“ನಮ್ಮಮ್ಮ ಟ್ರೈ ಮಾಡ್ತೀವಿ ಅಂದ್ರೆ ಮಾಡ್ತಾರೆ.”

“ಹುಳ ಹಣ್ಣಾಗೋ ದಿನ ನಿಮ್ಮಮ್ಮ ಬರ್ತಾರಾ? ಹುಳುಗಳಿಗೆ ಟ್ರೈ ಮಾಡಿ ಅಂತ ಹೇಳ್ತಾರಾ?”

ಶೈಲಜಾ ಕಣ್ಣು ತುಂಬಿ ಬಂದದ್ದನ್ನು ಕಾಣಿಸಬಾರದೆಂದು ಹೊಸ ಮನೆಯ ಹೊಸ ಒಲೆಯ ಕಟ್ಟೆಯನ್ನು ಒರೆಸತೊಡಗಿದಳು. ಮೇಷ್ಟ್ರಿಗೂ ಪಾಪ ಅನ್ನಿಸಿತು. ಆದರೂ ಪಾಪ ಬೇರೆ, ಪದಾರ್ಥ ಬೇರೆ. ಆಚೆ ಹೋಗಿ ಬಯ್ಯಪ್ಪನಿಗೆ ಮೆಲ್ಲಗೆ ಎಪ್ಪತ್ತು ಎಂದು ಹೇಳಿ, ಹತ್ತು ಎಲೆ ಹೆಚ್ಚಿಗೆ ಹೇಳಿದ ತಮ್ಮ ಔದಾರ್ಯವನ್ನು ತಾವೇ ಮೆಚ್ಚಿಕೊಂಡರು.

ಅವತ್ತು ಸಂಜೆ ಶೈಲಜಾ ಹೂವು ತರಲು ಪೇಟೆಗೆ ಹೋಗಿದ್ದಾಗ ಮೊಬೈಲು ಬಡಿದುಕೊಂಡಿತು. ಆ ಕಡೆಯಿಂದ ಆವಲಪ್ಪನವರ ಧ್ವನಿ. ಆತ ಫೋನಿನಲ್ಲಿ ಮಾತಾಡುವುದೆಂದರೆ ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿದ ಹಾಗೆ.

“ಕನಕಪ್ಪಾ! ಹುಳ ಚಂದ್ರಿಕೆಗೆ ಏರಿಸ್ಬಿಟ್ವಿ! ನಾಳೆ ಟ್ರೈ ಮಾಡ್ತೀವಿ ಅಂತ ನಿಮ್ಮತ್ತೆ ಹೇಳಕ್ಕೆ ಹೇಳಿದ್ಳು!”

“ಆಗಲಿ ಮಾವ, ಪುರುಸೊತ್ತಿದ್ರೆ ಬನ್ನಿ,” ಎಂದು ಮೇಷ್ಟ್ರು ಫೋನಿಟ್ಟರು. ಅವರ ಕಿವಿಗೆ ಬಿದ್ದದ್ದು ಮತ್ತೆ ಅದೇ ಟ್ರೈ ಮಾತ್ರ. ಹೆಂಡತಿಗೆ ಹೇಳಿದರೆ ಸುಮ್ಮನೆ ಆಸೆ ಹುಟ್ಟಿಸಿದ ಹಾಗಾಗುತ್ತದೆ, ಆಮೇಲೆ ಅವರು ಬರದಿದ್ದಾಗ ಅವಳನ್ನು ಸಮಾಧಾನ ಮಾಡುವವರು ಯಾರು ಎಂದು ಯೋಚಿಸಿ ಫೋನಿನ ಸಂಗತಿಯನ್ನೇ ನುಂಗಿಕೊಂಡರು.

ಭಾನುವಾರ ಬೆಳಗಿನ ಜಾವ ಹಸು ಒಳಗೆ ಬಂತು, ಹಾಲು ಉಕ್ಕಿತು, ಹೋಮದ ಹೊಗೆಗೆ ಎಲ್ಲರ ಕಣ್ಣೂ ಕೆಂಪಾಯಿತು. (ಶೈಲಜಾಳ ಕಣ್ಣು ಹೊಗೆಗೆ ಮುಂಚೆಯೇ ಕೆಂಪಗಿತ್ತು.) ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಮೇಷ್ಟ್ರ ವಿದ್ವತ್ತಿಗೆ ಸಾಕ್ಷಾತ್ ಪುರಾವೆ ದೊರಕಿತು. ಟ್ರೈ ಮಾಡುತ್ತೇವೆಂದಿದ್ದ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಬರಲಿಲ್ಲ. ಚಿಂತಾಮಣಿಯವರ ಸುಳಿವಿಲ್ಲ. ರಮೇಶ್‌ಬಾಬು ಮೆಸೇಜು ಕಳಿಸಿದ್ದ. ಬಂದವರು ಅಕ್ಕಪಕ್ಕದವರು, ಹತ್ತಿರದ ಬಂಧುಗಳ ಎರಡು ಕುಟುಂಬ, ಮನೆ ಕಟ್ಟಿದ ಗಾರೆಯವರು, ಅಷ್ಟೆ. ಎರಡು ಪಂಕ್ತಿ ಎದ್ದಾಗ ಪಾತ್ರೆಯ ತಳದಲ್ಲಿ ಮನೆಯವರಿಗೆ ಸರಿಯಾಗುವಷ್ಟು ಅನ್ನ, ಒಂದಿಷ್ಟು ಸಾರು, ನಾಲ್ಕಾರು ಹೋಳಿಗೆ ಉಳಿದಿತ್ತು.

“ಲೆಕ್ಕ ಅಂದ್ರೆ ನಿಮ್ದು ಸಾರ್!” ಎಂದ ಬಯ್ಯಪ್ಪ.

“ಲೆಕ್ಕ ಅಲ್ಲಪ್ಪ ಇದು, ವ್ಯಾಕರಣ,” ಎಂದು ಮೇಷ್ಟ್ರು ಶಲ್ಯ ಹೆಗಲ ಮೇಲೆ ಎಳೆದುಕೊಂಡು ಬಾಗಿಲಿಗೆ ಬಂದು ನಿಂತರು. ಹೆಂಡತಿಗೆ ಕೇಳಿಸಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದರು. ತಾನೊಂದು ನೆನೆದರೆ ದೈವ ಇನ್ನೊಂದು ನೆನೆಯುತ್ತದಂತೆ. ಆ ದೈವ ಅದೇ ಹೊತ್ತಿಗೆ ಬಡಾವಣೆಯ ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಟೆಂಪೋದಲ್ಲಿ ಬರುತ್ತಿತ್ತು.

ಅದು ಗೂಡು ಸಾಗಿಸುವ ಟೆಂಪೋ. ಅದರ ತುಂಬ ಜನ. ಮುಂದೆ ಆವಲಪ್ಪ ಪೇಟ ಸುತ್ತಿಕೊಂಡು ಕೂತಿದ್ದರೆ ಹಿಂದೆ ರಾಮಲಕ್ಷ್ಮಮ್ಮ ಜರಿ ಸೀರೆಯಲ್ಲಿ ಸರಳು ಹಿಡಿದು ನಿಂತಿದ್ದರು. ಅವರ ಸುತ್ತ ಹೆಂಗಸರು, ಗಂಡಸರು, ಸೊಂಟದ ಮೇಲಿನ ಕೂಸುಗಳು, ಮೂಟೆಗಳು. ಇಳಿಯುತ್ತಾರೆ, ಇಳಿಯುತ್ತಾರೆ, ಇಳಿಯುತ್ತಲೇ ಇದ್ದಾರೆ. ಮೇಷ್ಟ್ರು ಎಣಿಸಲು ಶುರುಮಾಡಿ ಮಧ್ಯದಲ್ಲೇ ಕೈಬಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಟೆಂಪೋದ ಹಾರನ್ ಕೇಳಿಸಿತು.

“ಅಮ್ಮಾ!” ಎಂದು ಶೈಲಜಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು. ತಾಯಿ ಮಗಳು ರಸ್ತೆಯಲ್ಲೇ ತಬ್ಬಿಕೊಂಡು ಅತ್ತರು.

“ಹುಳ ಇವತ್ತು ಹಣ್ಣಾಗ್ತದೆ ಅಂದಿದ್ರಲ್ಲ ಅತ್ತೆ?” ಎಂದರು ಮೇಷ್ಟ್ರು. ಅವರ ಧ್ವನಿ ಅವರಿಗೇ ಬೇರೆ ಯಾರದೋ ಅನ್ನಿಸಿತು.

“ಆಗ್ತಿತ್ತು! ಬಿಟ್ಟಿದ್ರೆ ಇವತ್ತೇ ಆಗ್ತಿತ್ತು. ನಿಂಗೆ ಟ್ರೈ ಮಾಡ್ತೀವಿ ಅಂತ ಮಾತು ಕೊಟ್ಟಿದ್ನಲ್ಲಪ್ಪಾ? ಹುಳದ ಮನೇಲಿ ಇದ್ದಿಲು ಕುಂಪಟಿ ಇಟ್ವಿ. ಚಳಿಗೆ ಹುಳ ಮಂಕಾಗಿರ್ತವೆ, ಶಾಖ ಕೊಟ್ರೆ ಚುರುಕಾಗ್ತವೆ. ನಿಮ್ಮಾವ ಮೂರು ದಿನದಿಂದ ಕುಂಪಟಿ ಕಾಯ್ತಾ ಅಲ್ಲೇ ಬಿದ್ದಿದ್ರು. ಸೊಪ್ಪು ಒಂದು ಹೊರೆ ಜಾಸ್ತಿ ಹಾಕಿದ್ವಿ. ನೋಡು, ನಿನ್ನೆ ಬೆಳಿಗ್ಗೆಗೇ ಹಣ್ಣಾಗ್ಬಿಟ್ವು!”

“ಮತ್ತೆ... ಇವ್ರೆಲ್ಲಾ?”

“ಇವ್ರೆಲ್ಲಾ ಹುಳ ಆರ್ಸಕ್ಕೆ ಬಂದೋರಪ್ಪಾ. ನಿನ್ನೆಯಿಡೀ ನಮ್ಮನೇಲಿ ಗೇದವ್ರೆ. ಚಂದ್ರಿಕೆಗೆ ಬಿಟ್ಟ ಮೇಲೆ ಹುಳಕ್ಕೆ ಸೊಪ್ಪಿಲ್ಲ, ನೀರಿಲ್ಲ, ನಮಗೂ ಕೆಲ್ಸಿಲ್ಲ. ಗೇಯೋವಾಗ ಕರ್ದು ಉಣ್ಣೋವಾಗ ಬಿಟ್ಟು ಬರಕ್ಕಾಗ್ತದಾ? ನನ್ನ ತಮ್ಮನ ಮಗನ ಮನೆ ಒಕ್ಕಲು, ಎಲ್ರೂ ಹತ್ರಿ ಅಂದೆ. ನಿನ್ನೆ ನಿಮ್ಮಾವ ಫೋನ್ ಮಾಡಿ ಹೇಳಿದ್ರಲ್ಲ?”

ಶೈಲಜಾ ಮೆಲ್ಲಗೆ ಗಂಡನ ಕಡೆಗೆ ತಿರುಗಿದಳು. “ಅಪ್ಪ ಫೋನ್ ಮಾಡಿದ್ರಾ?” ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬರೀ ನೋಡಿದಳು.

ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು. ತಮ್ಮ ಒಂದು ಊಟಕ್ಕಾಗಿ ಒಬ್ಬ ಮುದುಕ ಹುಳುಗಳಿಗೆ ಬೆಂಕಿ ಕಾಯಿಸುತ್ತಾ ಕೂತಿದ್ದ ಚಿತ್ರ ಕಣ್ಣ ಮುಂದೆ ಬಂತು. ಆದರೆ ನಾಚಿಕೆಪಡಲೂ ಪುರುಸೊತ್ತು ಬೇಕು. ಎರಡನೆಯ ಟೆಂಪೋ ಬಂದು ನಿಂತಿತ್ತು. ಒಳಗೆ ನೋಡಿದರೆ ನಾಲ್ಕಾರು ಹೋಳಿಗೆ.

“ಬಯ್ಯಪ್ಪಾ, ಇನ್ನೊಂದು ಒಲೆ ಹಚ್ಚಪ್ಪಾ!”

“ಏನು ಹಾಕಿ ಹಚ್ಲಿ ಸಾರ್? ಸಾಮಾನು ಎಪ್ಪತ್ತಕ್ಕೆ ತಂದಿದ್ದು. ಅಕ್ಕಿ ಅಂಗಡಿ ಭಾನುವಾರ ಮಧ್ಯಾಹ್ನ ಬಂದ್.”

ಮೇಷ್ಟ್ರು ಶಲ್ಯ, ಬರಿಗಾಲು, ಹಣೆಯ ಕುಂಕುಮದ ಸಮೇತ ಸ್ಕೂಟರ್ ಹತ್ತಿ ಬಸ್‌ಸ್ಟ್ಯಾಂಡಿನ ಹತ್ತಿರದ ಜಗನ್ ಮೆಸ್ಸಿಗೆ ಹಾರಿದರು. ಜಗನ್ ಅವರ ಹಳೆಯ ವಿದ್ಯಾರ್ಥಿ. ಬಾಗಿಲು ಅರ್ಧ ಎಳೆದು ಪಾತ್ರೆ ತೊಳೆಸುತ್ತಿದ್ದ.

“ಜಗನ್, ಮರ್ಯಾದೆ ಪ್ರಶ್ನೆ ಕಣಪ್ಪಾ! ಅನ್ನ, ಸಾಂಬಾರು, ಏನಿದ್ರೂ ಸರಿ. ನೂರು ಜನಕ್ಕೆ.”

“ಎಲ್ಲಾ ಖಾಲಿ ಸಾರ್. ಹುಡುಗ್ರೂ ಊಟಕ್ಕೆ ಹೋಗವ್ರೆ.” ಜಗನ್ ತಲೆ ಕೆರೆದುಕೊಂಡ. ಮೇಷ್ಟ್ರ ಬರಿಗಾಲು ನೋಡಿದ. “ಇರಲಿ, ನೀವು ಮನೆಗೆ ನಡೀರಿ ಸಾರ್. ಟ್ರೈ ಮಾಡ್ತೀನಿ.”

ಜೀವಮಾನದಲ್ಲೇ ಮೊದಲ ಸಲ ಆ ಪದದ ಅರ್ಥ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಇದು ಚಿಕ್ಕಬಳ್ಳಾಪುರದ ಟ್ರೈಯೋ, ಸಾದಲಿಯ ಟ್ರೈಯೋ?

“ಜಗನ್, ಟ್ರೈ ಅಂದ್ರೆ... ಹೆಂಗಪ್ಪಾ?”

“ಟ್ರೈ ಅಂದ್ರೆ ಟ್ರೈ ಸಾರ್. ಎಂಟನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದಲ್ವಾ?”

ಹೋದ ವರ್ಷ ಇದೇ ಜಗನ್ ತಂಗಿಗೆ ಶಾಲೆಯಲ್ಲಿ ಒಂದು ಸೀಟು ಕೊಡಿಸಿ ಎಂದು ಬಂದಿದ್ದ. ಮೇಷ್ಟ್ರು ಏನೆಂದಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ನೆನಪಾದ ಕೂಡಲೇ ಅವರು ಜಗನ್‌ನ ಟ್ರೈಗೆ ಅರ್ಥ ನಿಶ್ಚಯಿಸಿಬಿಟ್ಟರು. ಇನ್ನೆರಡು ಹೋಟೆಲು ಸುತ್ತಿದರು. ಒಂದರಲ್ಲಿ ಇಡ್ಲಿ ಸಂಜೆಗೆ ಅಂದರು, ಇನ್ನೊಂದರಲ್ಲಿ ಬ್ರೆಡ್ಡು ಇದೆ ಅಂದರು. ಗೃಹಪ್ರವೇಶಕ್ಕೆ ಬ್ರೆಡ್ಡು! ಕಡೆಗೆ ಬರಿಗೈಯಲ್ಲಿ, ಹೊಸ ಮನೆಯ ದಾರಿ ಇಷ್ಟು ಹತ್ತಿರ ಯಾಕಿದೆಯೋ ಎಂದು ಶಪಿಸಿಕೊಳ್ಳುತ್ತಾ ಸ್ಕೂಟರನ್ನು ಆದಷ್ಟು ನಿಧಾನವಾಗಿ ಓಡಿಸಿಕೊಂಡು ಬಂದರು.

ಬಂದು ನೋಡಿದರೆ ಮನೆಯ ಹಿಂದೆ ಹೊಗೆ. ಕಟ್ಟಡದಲ್ಲಿ ಉಳಿದಿದ್ದ ಸಿಮೆಂಟ್ ಇಟ್ಟಿಗೆಗಳನ್ನು ಜೋಡಿಸಿ ಸಾಲಾಗಿ ಒಲೆ ಹೂಡಿದ್ದಾರೆ. ಗಾರೆಯವರು ಕಟ್ಟಿ ಬಿಚ್ಚಿದ್ದ ಸಾರ್ವೆ ಮರಗಳು ಒಲೆಯಲ್ಲಿ ಉರಿಯುತ್ತಿವೆ. ಟೆಂಪೋದ ಮೂಟೆಗಳು ಬಾಯಿ ಬಿಟ್ಟಿವೆ. ಮಗಳ ಹೊಸ ಮನೆಗೆಂದು ತವರಿನವರು ತಂದ ರಾಗಿ ಹಿಟ್ಟು, ಅವರೆಕಾಯಿ, ಬದನೆಕಾಯಿ, ಬೆಲ್ಲ. ರಾಮಲಕ್ಷ್ಮಮ್ಮ ಜರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುದ್ದೆಕೋಲು ತಿರುವುತ್ತಿದ್ದಾರೆ. ಕದಿರಮ್ಮ ಎಂಬ ದಪ್ಪ ಹೆಂಗಸಿನ ನಾಯಕತ್ವದಲ್ಲಿ ಹುಳು ಆರಿಸಿ ಪಳಗಿದ ಕೈಗಳೆಲ್ಲ ಅವರೆಕಾಯಿ ಬಿಡಿಸುತ್ತಿವೆ. ಅಡುಗೆ ಬಯ್ಯಪ್ಪ ಒಂದು ಮೂಲೆಯಲ್ಲಿ ಕೂತು ಕಣ್ಣೀರು ಸುರಿಸುತ್ತಾ ಅವರಿಗೆಲ್ಲ ಈರುಳ್ಳಿ ಹೆಚ್ಚಿಕೊಡುತ್ತಿದ್ದ.

“ಅತ್ತೆ, ನನ್ನ ಮಾನ ಹೋಯ್ತು,” ಎಂದರು ಮೇಷ್ಟ್ರು.

“ಯಾವ ಮಾನವೋ? ಉಣ್ಣೋರು ನಾವು, ಬೇಯಿಸೋರು ನಾವು, ಮಧ್ಯ ನಿನ್ನ ಮಾನಕ್ಕೇನು ಕೆಲಸ? ಕೂತ್ಕೊ, ಬಿಸಿ ಇದ್ದಂಗೇ ಉಣ್ಣು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನಿಸ್ತದೆ, ಮುಖ ನೋಡು.”

ಹೊಸ ಬಡಾವಣೆ ಇಂಥ ಊಟ ಕಂಡಿರಲಿಲ್ಲ. ಊಟ ಮುಗಿಸಿ ಹೋಗಿದ್ದ ಅಕ್ಕಪಕ್ಕದವರು ಘಮಕ್ಕೆ ಮತ್ತೆ ವಾಪಸು ಬಂದು ‘ಸುಮ್ಮನೆ ನೋಡಕ್ಕೆ ಬಂದ್ವಿ’ ಎನ್ನುತ್ತಾ ಎಲೆಯ ಮುಂದೆ ಕೂತರು. ಮೇಷ್ಟ್ರು ಮಾವನ ಪಕ್ಕ ಕೂತು ಒಂದರ ಮೇಲೊಂದು ಮುದ್ದೆ ನುಂಗಿದರು. ಶೈಲಜಾ ತವರಿನ ಸೀರೆ ಉಟ್ಟು ಬಂದು ಸಾರು ಬಡಿಸಿದಳು. ಗಂಡನ ಎಲೆಗೆ ಸ್ವಲ್ಪ ಕಡಿಮೆ ಬಡಿಸಿದಳು, ಆದರೂ ಬಡಿಸಿದಳು. ಅಪಾಯ ಕಳೆಯಿತೆಂದು ಮೇಷ್ಟ್ರು ತೇಗಿದರು.

ತೇಗು ಮುಗಿಯುವ ಮೊದಲೇ ಗೇಟಿನ ಮುಂದೆ ಲಗೇಜ್ ಆಟೋ ನಿಂತಿತು. ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಜಗನ್ ಕೆಳಕ್ಕೆ ಹಾರಿ, “ಸಾರ್! ಹುಡುಗ್ರನ್ನ ಊಟದಿಂದ ಎಬ್ಸ್ಕೊಂಡ್ ಬಂದೆ! ನಮ್ಮಮ್ಮನೂ ಒಲೆ ಮುಂದೆ ನಿಂತ್ರು! ನೂರು ಅಂದ್ರಿ, ಕಮ್ಮಿ ಆಗಬಾರದು ಅಂತ ನೂರಿಪ್ಪತ್ತಕ್ಕೆ ಮಾಡ್ಬಿಟ್ಟೆ ಸಾರ್!” ಎಂದು ಕೊಳಗ ಇಳಿಸಿದ. ಆಮೇಲೆ ಇನ್ನೊಂದು ಕೊಳಗ. ಆಮೇಲೆ ಸಾಂಬಾರಿನದು.

ಅಂಗಳದಲ್ಲಿ ಕೈ ತೊಳೆಯುತ್ತಿದ್ದವರೆಲ್ಲ ಕೈ ತೊಳೆಯುವುದನ್ನೇ ನಿಲ್ಲಿಸಿ ನೋಡಿದರು. ಮೇಷ್ಟ್ರು ಅನ್ನದ ಬೆಟ್ಟವನ್ನು ನೋಡಿದರು. ನಂದಿ ಬೆಟ್ಟ ನೋಡಲು ತಾರಸಿ ಹತ್ತಬೇಕಾಗಿತ್ತು, ಇದು ಅಂಗಳದಿಂದಲೇ ಕಾಣುತ್ತಿತ್ತು. “ಒಂದೊಂದು ತುತ್ತಾದ್ರೂ... ಯಾರಾದ್ರೂ...” ಎಂದು ಕೈ ಮುಗಿದುಕೊಂಡು ಸಾಲಾಗಿ ಎಲ್ಲರ ಮುಂದೆ ಹೋದರು. ಎಲ್ಲರೂ ಹೊಟ್ಟೆ ತೋರಿಸಿದರು. ಶೈಲಜಾ ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಅದೂ ಸಾಲದೆ ನಕ್ಕು ನಕ್ಕು ಜಗಲಿಯ ಮೇಲೆ ಕೂತುಬಿಟ್ಟಳು. ಜಗನ್‌ಗೂ ಮೂರು ಮುದ್ದೆ ಉಣ್ಣಿಸಿ ಕಳಿಸಿದ್ದಾಯಿತು.

ಕೊನೆಗೆ ರಾಮಲಕ್ಷ್ಮಮ್ಮನವರೇ ದಾರಿ ಹುಡುಕಿದರು. “ಅನ್ನ ಕೆಡಿಸಬಾರದು. ಟೆಂಪೋಗೆ ಎತ್ರಿ. ಹುಳದ ಮನೆ ಕಾಯೋರು ಊರಲ್ಲೇ ಉಳ್ಕೊಂಡವ್ರೆ, ನಮಗೂ ರಾತ್ರಿಗೆ ಆಯ್ತು. ಬೀದಿಗೆಲ್ಲಾ ಹಂಚಣ,” ಎಂದರು. ಕೊಳಗಗಳು ಏರಿದವು, ಜನ ಏರಿದರು. ಹೊರಡುವ ಮುಂಚೆ ಅತ್ತೆ ಟೆಂಪೋದ ಸರಳು ಹಿಡಿದುಕೊಂಡೇ ಬಗ್ಗಿ ಕೇಳಿದರು.

“ಕನಕಾ, ಗುರುವಾರ ಗೂಡು ಬಿಡಿಸ್ತೀವಿ. ಬರ್ತೀಯೇನಪ್ಪಾ?”

ಮೇಷ್ಟ್ರ ನಾಲಗೆ ಅಭ್ಯಾಸಬಲದಿಂದ ಅಂಗುಳಕ್ಕೆ ತಾಗಿತು. ಎರಡೂ ಟೆಂಪೋದವರು ಅವರ ಬಾಯನ್ನೇ ನೋಡುತ್ತಿದ್ದರು. ಇಷ್ಟು ಪ್ರೀತಿಯ ಜನಕ್ಕೆ ಇನ್ನು ಮೇಲೆ ಆ ಪದ ಹೇಳುವುದು ಪಾಪ ಎಂದು ಅವರ ಒಳಗಿನ ಯಾವುದೋ ಸಾಧು ಎದ್ದು ಹೇಳಿದ. ಸತ್ಯವನ್ನೇ ನುಡಿಯಬೇಕು, ಏನಾದರಾಗಲಿ. ಮೇಷ್ಟ್ರು ಎದೆಯುಬ್ಬಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತನ್ನು ಆಡಿಯೇಬಿಟ್ಟರು.

“ಆಗಲ್ಲ ಅತ್ತೆ.”

ಆಡಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಇಷ್ಟು ವರ್ಷ ಇದನ್ನು ಯಾಕೆ ಆಡಲಿಲ್ಲವೋ ಎಂದೆನ್ನಿಸಿತು. ಅತ್ತೆಗೆ ಕೋಪವೂ ಬರಲಿಲ್ಲ.

“ಯಾಕಪ್ಪಾ?” ಎಂದರು ಸಹಜವಾಗಿ.

ಮೇಷ್ಟ್ರು ತಬ್ಬಿಬ್ಬಾದರು. ಟ್ರೈ ಮಾಡುತ್ತೇನೆ ಎಂದವನನ್ನು ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ಆಗಲ್ಲ ಎಂದವನನ್ನು ಎಲ್ಲರೂ ಕೇಳುತ್ತಾರೆ ಎಂಬ ಸೂಕ್ಷ್ಮ ಅವರ ವ್ಯಾಕರಣದಲ್ಲಿ ಇರಲಿಲ್ಲ. “ಸ್ಕೂಲಿದೆಯಲ್ಲ ಅತ್ತೆ, ಗುರುವಾರ!” ಎಂದರು ತಡವರಿಸಿ.

“ಗುರುವಾರ ಕನಕ ಜಯಂತಿ ಅಲ್ವೇನ್ರೀ?” ಎಂದಳು ಶೈಲಜಾ ಜಗಲಿಯಿಂದ. “ನಿಮ್ಮ ಹೆಸರಿನ ಹಬ್ಬವೇ ನಿಮಗೆ ಮರೆತ್ರೆ ಹೇಗೆ? ಸ್ಕೂಲಿಗೆಲ್ಲಾ ರಜ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಕಳಿಸ್ತೀನಿ ಬಿಡಮ್ಮ, ನಾನೂ ಬರ್ತೀನಿ.”

ಎರಡು ಟೆಂಪೋಗಳೂ ನಕ್ಕವು.

ಗುರುವಾರ ಕನಕರಾಜ ಮೇಷ್ಟ್ರು ಸಾದಲಿಯ ಹುಳುವಿನ ಮನೆಯಲ್ಲಿ, ಹೆಂಗಸರ ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಬೆರಳಿಗೆಲ್ಲ ರೇಷ್ಮೆಯ ನಾರು ಅಂಟಿಕೊಂಡು ಒಂದು ಬೆರಳಿನಿಂದ ಕಿತ್ತರೆ ಇನ್ನೊಂದಕ್ಕೆ ಅಂಟುತ್ತಿತ್ತು. ಬೆನ್ನು ಕಂಬದಂತಾಗಿತ್ತು. ಪಕ್ಕದಲ್ಲಿದ್ದ ಕದಿರಮ್ಮ ಅವರು ಒಂದು ಬಿಡಿಸುವಷ್ಟರಲ್ಲಿ ಹತ್ತು ಬಿಡಿಸಿ, ಇವರ ಪಾಲಿನ ಚಂದ್ರಿಕೆಗೂ ಕೈ ಹಾಕಿ, “ಪರವಾಗಿಲ್ಲ ಮೇಷ್ಟ್ರೇ, ಕಲ್ತ್ಕೊಂತೀರ. ಮುಂದಿನ ಬೆಳೆಗೂ ಬರ್ತೀರ ತಾನೆ?” ಎಂದಳು.

ಟ್ರೈ ಎನ್ನುವ ಹಾಗಿಲ್ಲ. ಆಗಲ್ಲ ಎಂದರೆ ಯಾಕೆ ಎನ್ನುತ್ತಾರೆ. ಮೇಷ್ಟ್ರು ಒಂದು ಗೂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಯೋಚಿಸಿದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

“ಮನೆಯವಳನ್ನ ಕೇಳಿ ಹೇಳ್ತೀನಿ ಕಣಮ್ಮ,” ಎಂದರು ಮೃದುವಾಗಿ. ಆಹಾ, ಎಂಥ ವಾಕ್ಯ! ಗಂಡಸಿಗೆ ಅವಮಾನವಿಲ್ಲ, ಕೇಳಿದವರಿಗೆ ನೋವಿಲ್ಲ, ಕಾರಣ ಹುಡುಕುವ ತಾಪತ್ರಯವಿಲ್ಲ. ಇಂಗ್ಲಿಷಿನ ಹಂಗೂ ಇಲ್ಲ.

“ಕೇಳೋದೇನಿದೆ?” ಎಂದಿತು ಹಿಂದಿನ ಸಾಲಿನಿಂದ ಶೈಲಜಾಳ ಧ್ವನಿ. “ಬರ್ತಾರೆ ಕದಿರಮ್ಮ. ಎಲ್ಲಾ ಬೆಳೆಗೂ ಬರ್ತಾರೆ.”